ಗಾಳಿಪಟ ಹಬ್ಬಕ್ಕೆ ಪೇಂಟ್ ಬೇಡ, ಬಣ್ಣದ ಕಾಗದ ತನ್ನಿ

ಮೇಡಂ, ಆಷಾಢದ ಒಂದು ಭಾನುವಾರ ಬಡಾವಣೆಯವರೆಲ್ಲ ಸೇರಿ ಚಿತ್ರ ಬಿಡಿಸಿದ ಗಾಳಿಪಟ ಹಾರಿಸಬೇಕು, ಜೊತೆಗೆ 15 ಅಡಿಯ ಒಂದು ದೊಡ್ಡ ಪಟವನ್ನೂ ಏರಿಸಬೇಕು, ಯಾವ ಪೇಂಟ್ ತರಲಿ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಪೇಂಟೇ ಬೇಡ.

ಪೋಸ್ಟರ್ ಕಲರ್ ಹಚ್ಚಿದ ಪಟ ಮೇಜಿನ ಮೇಲೆ ಚೆಂದ. ಮೇಲೇರಿದ ಮೇಲೆ ಬಿಸಿಲು ಅದರ ಬೆನ್ನಿಗೆ ಬೀಳುತ್ತದೆ, ನಾವು ನೋಡುವುದು ಕೆಳಗಿನಿಂದ. ದಪ್ಪ ಬಣ್ಣದಲ್ಲಿ ಬೆಳಕು ತೂರುವುದಿಲ್ಲ. ಮಗು ಕೂತು ಕೂತು ಬಿಡಿಸಿದ ನವಿಲು ಆಕಾಶದಲ್ಲಿ ಬರೀ ಕಪ್ಪು ಮಚ್ಚೆ! ಮೇಲಾಗಿ ತೆಳು ಕಾಗದಕ್ಕೆ ನೀರು ತಾಗಿದರೆ ಸುಕ್ಕು. ಬಣ್ಣ ಒಂದು ಕಡೆ ಜಾಸ್ತಿಯಾದರೆ ಪಟ ಆ ಕಡೆಗೇ ವಾಲುತ್ತದೆ.

ಬಣ್ಣಬಣ್ಣದ ತೆಳು ಗಾಳಿಪಟದ ಕಾಗದ ತಂದು, ಕತ್ತರಿಸಿ, ಅಂಚಿಗಷ್ಟೇ ಮೈದಾ ಅಂಟು ಸವರಿ ಒಂದಕ್ಕೊಂದು ಜೋಡಿಸಿ. ಒಂದರ ಮೇಲೊಂದು ಕಾಲು ಇಂಚು ಕೂತರೆ ಸಾಕು. ಹಳದಿಯ ಮೇಲೆ ನೀಲಿ ಕೂತ ಜಾಗ ಬಿಸಿಲಿಗೆ ಹಸಿರಾಗಿ ಹೊಳೆಯುತ್ತದೆ, ಮಕ್ಕಳಿಗೆ ಇದೇ ದೊಡ್ಡ ಮಜಾ. ಮಂಗಳೂರಿನ ಗಾಳಿಪಟ ತಂಡ ‘ಟೀಮ್ ಮಂಗಳೂರು’ ಮಾಡಿದ ಕಥಕ್ಕಳಿ, ಯಕ್ಷಗಾನದ ಪಟಗಳನ್ನು ನೋಡಿ. ಅಲ್ಲಿ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದಿರುತ್ತಾರೆ, ಲೆಕ್ಕ ಒಂದೇ.

ಈಗ 15 ಅಡಿಯದ್ದು. ಅದನ್ನು ಹಾರಿಸಬೇಡಿ. ಆಷಾಢದ ಗಾಳಿಗೆ ಅಷ್ಟು ದೊಡ್ಡ ಪಟ ಎಳೆಯುವ ಎಳೆತಕ್ಕೆ ಅನುಭವ ಇಲ್ಲದವರ ಕೈ ಕುಯ್ದುಹೋಗುತ್ತದೆ, ಕೆಳಗೆ ಮಕ್ಕಳು ಬೇರೆ ಇರುತ್ತಾರೆ. ಗ್ವಾಟೆಮಾಲಾ ದೇಶದ ಸುಂಪಾಂಗೊ, ಸಾಂಟಿಯಾಗೊ ಸಕಟೆಪೆಕೆಸ್ ಎಂಬ ಊರುಗಳಲ್ಲಿ ನವೆಂಬರ್ 1ಕ್ಕೆ, ತೀರಿಹೋದವರ ನೆನಪಿನ ಹಬ್ಬಕ್ಕೆ, ಭಾರೀ ದುಂಡು ಪಟಗಳನ್ನು ಮಾಡುತ್ತಾರೆ. ಊರಿನ ಗುಂಪುಗಳು ತಿಂಗಳುಗಟ್ಟಲೆ ಕೂತು ತೆಳು ಕಾಗದವನ್ನೇ ಕತ್ತರಿಸಿ ಅಂಟಿಸಿ, ಬಿದಿರಿನ ಚೌಕಟ್ಟಿಗೆ ಕಟ್ಟುತ್ತವೆ. ಚಿಕ್ಕವು ಹಾರುತ್ತವೆ. ತೀರಾ ದೊಡ್ಡವನ್ನು ಸುಮ್ನೆ ನಿಲ್ಲಿಸುತ್ತಾರೆ, ಜನ ಎದುರು ನಿಂತು ನೋಡುತ್ತಾರೆ. ಈ ಪಟ ಕಟ್ಟುವ ಕಲೆ 2024ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. ನೀವೂ ನಿಮ್ಮದನ್ನು ಎರಡು ಗಟ್ಟಿ ಗಳಗಳ ನಡುವೆ ನಿಲ್ಲಿಸಿ, ಬಿಸಿಲು ಬೆನ್ನಿಗೆ ಬೀಳಲಿ. ನಾಲ್ಕೂ ದಿಕ್ಕಿಗೆ ಹಗ್ಗ ಎಳೆದು ಗೂಟಕ್ಕೆ ಕಟ್ಟಿ. ಚಿತ್ರದ ನಡುವೆ ಅಲ್ಲಲ್ಲಿ ಕಿಂಡಿ ಬಿಟ್ಟರೆ ಗಾಳಿ ಅತ್ತ ದಾಟಿಹೋಗುತ್ತದೆ, ಕಾಗದ ಉಳಿಯುತ್ತದೆ.

ಹಾರುವ ಪಟಗಳನ್ನು ಒಂದೂವರೆ ಅಡಿ ಚೌಕಕ್ಕಿಂತ ದೊಡ್ಡದು ಮಾಡಬೇಡಿ. ಬಿಲ್ಲಿನಂತೆ ಬಗ್ಗಿಸುವ ಕಡ್ಡಿಯನ್ನು ಅಂಟಿಸುವ ಮೊದಲು ಬೆರಳ ತುದಿಯ ಮೇಲೆ ಸರಿಯಾಗಿ ಮಧ್ಯಕ್ಕೆ ಇಟ್ಟು ನೋಡಿ. ಯಾವ ಕಡೆ ಜಗ್ಗುತ್ತದೋ ಅಲ್ಲಿ ಚಾಕುವಿನಿಂದ ಹೆರೆಯಿರಿ. ಹತ್ತರಲ್ಲಿ ಎಂಟು ಪಟ ಗಿರಕಿ ಹೊಡೆಯುವುದು ಈ ಕಡ್ಡಿಯಿಂದಲೇ ಅನ್ನುವುದು ನನ್ನ ಲೆಕ್ಕ, ಜನ ಮಾತ್ರ ಸೂತ್ರವನ್ನು, ಅಂದರೆ ಪಟಕ್ಕೆ ಕಟ್ಟುವ ಕವಲು ದಾರವನ್ನು, ಬೈಯುತ್ತಾರೆ. ಸೂತ್ರದ ಗಂಟನ್ನು ಗಾಳಿ ಜೋರಿದ್ದರೆ ತಲೆಯ ಕಡೆಗೆ ಒಂದಿಷ್ಟು ಸರಿಸಿ. ಬಾಲಂಗೋಚಿ ಪಟದ ಐದಾರು ಪಟ್ಟು ಉದ್ದ ಇರಲಿ, ಹಳೇ ಕಾಟನ್ ಸೀರೆ ಹರಿದರೆ ಆಯಿತು. ಆಮೇಲೂ ಸುತ್ತಿದರೆ ಇನ್ನೊಂದು ತುಂಡು ಸೇರಿಸಿ, ಏರಲು ಒದ್ದಾಡಿದರೆ ಕತ್ತರಿಸಿ.

ದಾರ ಬರೀ ಹತ್ತಿಯದ್ದು. ನೈಲಾನ್ ಮಾಂಜಾ ದಾರವನ್ನು 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಾದ್ಯಂತ ನಿಷೇಧಿಸಿದೆ. ಗಾಜಿನ ಪುಡಿ ಸವರಿದ ದಾರವನ್ನೂ ಒಳಗೆ ಬಿಡಬೇಡಿ, ಇದು ಒಬ್ಬರ ದಾರ ಒಬ್ಬರು ಕೊಯ್ಯುವ ಪೇಚಿನ ಹಬ್ಬ ಅಲ್ಲವಲ್ಲ. ಗೇಟಿನಲ್ಲೇ ನೀವೇ ದಾರದ ಉಂಡೆ ಕೊಟ್ಟುಬಿಟ್ಟರೆ ತಕರಾರೇ ಇಲ್ಲ. ಸಂಜೆ ಮರದಲ್ಲಿ, ನೆಲದಲ್ಲಿ ಉಳಿದ ದಾರ ಆರಿಸಲು ನಾಲ್ಕು ಹುಡುಗರನ್ನು ಮೊದಲೇ ಗೊತ್ತು ಮಾಡಿ, ಇಲ್ಲದಿದ್ದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಕರೆಂಟ್ ತಂತಿಗೆ ಸಿಕ್ಕಿದ ಪಟದ ಆಸೆ ಬಿಡಬೇಕು ಅಂತ ಮೈಕಿನಲ್ಲಿ ಶುರುವಿಗೇ ಹೇಳಿ. ಮಳೆ ಬಂದರೆ ಮುಂದಿನ ಭಾನುವಾರ ಅಂತ ಈಗಲೇ ಪಾಂಪ್ಲೆಟ್ಟಿನಲ್ಲಿ ಹಾಕಿಸಿ.

ಸಾಧ್ಯವಾದರೆ ಈ ವರ್ಷ ದೊಡ್ಡಬಳ್ಳಾಪುರದ ಆಷಾಢದ ಗಾಳಿಪಟ ಸ್ಪರ್ಧೆಗೆ ಹೋಗಿ, ಅಲ್ಲಿ ಕಟ್ಟುವವರ ಪಕ್ಕ ನಿಂತು ನೋಡಿ ಬನ್ನಿ. ಅಷ್ಟರಲ್ಲಿ ಮೈದಾನದ ಫೋಟೊ ಒಂದು ಹಾಕಿ. ಮರ, ತಂತಿ ಎಲ್ಲಿವೆ ನೋಡಿ ಮಕ್ಕಳನ್ನು ಯಾವ ಕಡೆ ನಿಲ್ಲಿಸಬೇಕು ಅಂತ ಹೇಳುತ್ತೇನೆ.