ಬೋರ್‌ವೆಲ್ ಪಾಯಿಂಟ್‌ಗೆ ತೆಂಗಿನಕಾಯಿಯೋ, ಮೆಷಿನ್ನೋ?

ಬೋರ್‌ವೆಲ್ ಕೊರೆಸೋ ಜಾಗ ತೋರಿಸೋಕೆ ಅಂಗೈಲಿ ಕಾಯಿ ಹಿಡಿದು ನೀರು ಹುಡುಕೋರನ್ನ ಕರೆಸಲಾ, ಮೆಷಿನ್‌ನವರನ್ನ ಕರೆಸಲಾ, ಮಾವ ಕಾಯಿನೇ ಅಂತ ಪಟ್ಟು ಹಿಡಿದು ಕೂತಿದ್ದಾರೆ ಅಂತ ಕೇಳಿದ್ದೀರಿ. ‘ಮಾವ’ ತೆಗೆದು ‘ಅಪ್ಪ’ ಅಂತ ಹಾಕಿದರೆ ಇದು 2017ರ ಏಪ್ರಿಲ್‌ನಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆ.

ನಮ್ಮದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು. ಮಂಡ್ಯ ಅಂದರೆ ಜನ ನಾಲೆ, ಗದ್ದೆ, ಕಬ್ಬು ಅಂದುಕೊಳ್ತಾರೆ. ವಿಶ್ವೇಶ್ವರಯ್ಯ ನಾಲೆ ಹರಿಯೋದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ. ನಮ್ಮ ಹೊಲದಲ್ಲಿ ರಾಗಿ, ಹುರುಳಿ, ಎಂಬತ್ತು ತೆಂಗಿನಮರ. ಆ ಬೇಸಿಗೆ ತೆಂಗಿನ ಗರಿಗಳು ಮುರಿದ ಕೊಡೆ ಥರ ಕೆಳಕ್ಕೆ ಜೋತುಬಿದ್ದಿದ್ದವು.

ಅಪ್ಪ ಕಾಯಿಯವರನ್ನ ಕರೆಸಿದರು. ಅಂಗೈ ಮೇಲೆ ಅಡ್ಡ ಮಲಗಿಸಿದ್ದ ಕಾಯಿ ಹೊಲದ ಕೆಳಗಿನ ಮೂಲೆಗೆ ಬಂದಾಗ ಜುಟ್ಟು ಮೇಲಾಗಿ ಎದ್ದು ನಿಂತಿತು. ನಾನು ಡಿಪ್ಲೊಮಾ ಮಾಡಿದವನು, ಬಿಡ್ತೀನಾ? ಮಾರನೇ ವಾರ ಮೈಸೂರಿಂದ ಜಿಯಾಲಜಿಸ್ಟ್ ಒಬ್ಬರನ್ನ ಕರಕೊಂಡು ಬಂದೆ. ನಾಲ್ಕು ಕಂಬಿ ನೆಟ್ಟು, ಆಚೆಯ ಎರಡರಿಂದ ಕರೆಂಟು ಬಿಟ್ಟು, ನಡುವಿನ ಎರಡರಲ್ಲಿ ವೋಲ್ಟೇಜ್ ಅಳೆದು, ಕಂಬಿಗಳನ್ನ ದೂರ ದೂರ ಸರಿಸ್ತಾ ಮೂರು ಗಂಟೆ ಬರೆದುಕೊಂಡರು. ಕೊನೆಗೆ ಸುಣ್ಣದಲ್ಲಿ ಗುರುತು ಹಾಕಿದ ಜಾಗ ಕಾಯಿ ತೋರಿಸಿದ ಜಾಗದಿಂದ ಹದಿನೆಂಟೇ ಅಡಿ!

“ನೋಡ್ದೇನ್ಲಾ?” ಅಂದರು ಅಪ್ಪ.

ಪವಾಡ ಏನಲ್ಲ. ಆ ಮೂಲೆ ತಗ್ಗು, ಒಂದು ಹುತ್ತ ಇದೆ, ಅತ್ತಿಮರ ಇದೆ, ತಾತನ ಕಾಲದ ಹೂಳು ತುಂಬಿದ ಬಾವಿಯೂ ಅಲ್ಲೇ. ಕಾಯಿಯವರಿಗೂ ಕಣ್ಣಿದೆಯಲ್ಲ. ಆದರೆ ಆ ಹದಿನೆಂಟು ಅಡಿಗಾಗಿ ನಮ್ಮನೇಲಿ ಹತ್ತು ದಿನ ಮಾತು ನಿಂತಿತ್ತು. ಕೊನೆಗೆ ನನ್ನ ಗುರುತಿನ ಮೇಲೇ ಕೊರೆಸೋದು ಅಂತಾಯ್ತು.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಬೋರ್ ಕೊರೆಯೋ ರಿಗ್ ಲಾರಿ ಬಂದಾಗ ರಾತ್ರಿ ಒಂಬತ್ತು. ಮೇಲಿನ ಮಣ್ಣು, ಸವೆದು ಪುಡಿಯಾದ ಕಲ್ಲು ಇರೋವರೆಗೆ ದೊಡ್ಡ ಡ್ರಿಲ್ ಬಿಟ್ಟಲ್ಲಿ ಕೊರೆದು, ಗೋಡೆ ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸ್ತಾರೆ. ಪೈಪು ಗಟ್ಟಿ ಬಂಡೆ ಮೇಲೆ ಕೂರಬೇಕು. ಅಲ್ಲಿಂದ ಕೆಳಗೆ ಆರೂವರೆ ಇಂಚಿನ ಬರೀ ತೂತು, ಗೋಡೆ ಅಂದರೆ ಬಂಡೆಯೇ. ನಮ್ಮಲ್ಲಿ ಐವತ್ತೆಂಟು ಅಡಿಗೆ ಬಿಟ್ಟಿನ ಸದ್ದು ಬದಲಾಯ್ತು, ಬಿಳಿ ಪುಡಿ ಹಾರಿತು. “ಬಂಡೆ ಸಿಕ್ತು, ಮೂರು ಪೈಪ್ ಸಾಕು” ಅಂದರು ರಿಗ್‌ನವರು. ಐದು ಪೈಪ್ ತರಿಸಿದ್ದೆ, ಒಂದೊಂದು ಇಪ್ಪತ್ತು ಅಡಿ. ಎರಡು ವಾಪಸ್ ಕೊಟ್ಟರೆ 15,200 ರೂಪಾಯಿ ಉಳೀತಿತ್ತು. “ಸರಿ” ಅಂದೆ.

ಅದು ಬಂಡೆ ಆಗಿರಲಿಲ್ಲ, ಗುಂಡುಕಲ್ಲು. ನಮ್ಮ ನೆಲದ ಕಲ್ಲು ನೈಸ್ (gneiss) ಅನ್ನೋ ಕಲ್ಲು, ಗ್ರಾನೈಟ್ ಇವುಗಳ ಜಾತಿಯದು. ಅದು ಬಿರುಕಿನ ಗುಂಟ ಸವೆಯುತ್ತೆ, ನಡುನಡುವೆ ಸವೆಯದ ಉಂಡೆಗಳು ಮಣ್ಣೊಳಗೇ ಉಳಿದುಬಿಡ್ತವೆ. ಬಿಟ್ಟು ಅಂಥದ್ದಕ್ಕೆ ತಗುಲಿದರೂ ಅದೇ ಸದ್ದು, ಅದೇ ಬಿಳಿ ಪುಡಿ. ಗೊತ್ತಾಗಬೇಕಾದರೆ ಇನ್ನೂ ಹದಿನೈದು ಇಪ್ಪತ್ತು ಅಡಿ ಕೊರೆಸಿ ಚೂರು ನೋಡಬೇಕು. ಪುಡಿ ಮತ್ತೆ ಕಂದು ಬಣ್ಣಕ್ಕೆ ತಿರುಗಿ ಕೈಯಲ್ಲಿ ಹಿಸುಕಿದರೆ ಮೆತ್ತಿಕೊಂಡರೆ ಅದಿನ್ನೂ ಮಣ್ಣೇ. ಬೂದು ನೀಲಿ ಬಣ್ಣದ, ಬೆರಳು ಕುಯ್ಯೋ ಅಷ್ಟು ಚೂಪಾದ ಚೂರು ಬಿಡದೆ ಬರಬೇಕು. ನಮ್ಮ ತೂತಿನಲ್ಲಿ ಅರವತ್ತೇಳಕ್ಕೆ ಕಂದು ಪುಡಿ ಶುರುವಾಗಿ ತೊಂಬತ್ತರವರೆಗೂ ಬಂತು. ಅಷ್ಟು ಹೊತ್ತಿಗೆ ಪೈಪು ಕೂತಾಗಿತ್ತು. ಅದನ್ನ ಎತ್ತಿಸಿ, ತೂತು ಅಗಲ ಮಾಡಿಸಿ, ಮತ್ತೆ ಇಳಿಸಬೇಕಿತ್ತು. ಯಾರೂ ಹೇಳಲಿಲ್ಲ. ಪುಡಿ ನನ್ನ ಚಪ್ಪಲಿ ಮೇಲೇ ಬೀಳ್ತಿತ್ತು, ನಾನೂ ಕೇಳಲಿಲ್ಲ. ನನಗೆ ಆಗ ಒಂದೇ ಯೋಚನೆ: ನೀರು ಬರಬೇಕು, ಅಪ್ಪನ ಬಾಯಿ ಮುಚ್ಚಬೇಕು.

ನೀರೇನೋ ಬಂತು. 340 ಅಡಿಗೆ ಎರಡೂವರೆ ಇಂಚು (ಬೋರಿಂದ ಎಷ್ಟು ನೀರು ಬರುತ್ತೆ ಅನ್ನೋದನ್ನ ಇಂಚಲ್ಲೇ ಹೇಳೋದು). ಮೊಬೈಲಲ್ಲಿ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದೆ.

ಎಂಟನೇ ತಿಂಗಳು ಡ್ರಿಪ್ ಫಿಲ್ಟರ್‌ನಲ್ಲಿ ಕೆಂಪು ಮಣ್ಣು. ಒಂಬತ್ತಕ್ಕೆ ಮೋಟಾರ್ ನಿಂತಿತು. ಎತ್ತೋಕೆ ಹೋದರೆ ಅಲ್ಲಾಡಲ್ಲ. ಅರವತ್ತರಿಂದ ತೊಂಬತ್ತು ಅಡಿ ನಡುವಿನ ಗೋಡೆ ಕುಸಿದು ಮೇಲೆ ಕೂತಿತ್ತು. ಮೋಟಾರು, ಪೈಪು, ಕೇಬಲ್ಲು, ಕೊರೆಸಿದ ಕಾಸು ಎಲ್ಲ ಸೇರಿ 2,15,000 ರೂಪಾಯಿ ಆ ತೂತಿನಲ್ಲೇ ಇದೆ. ಊರವರು ಏನಂದರು ಗೊತ್ತಾ? “ಕಾಯಿ ತೋರ್ಸಿದ್ ಜಾಗ ಬುಟ್ಟು ಕೊರ್ಸುದ್ರೆ ಇನ್ನೇನಾದದು?”

ಅದಕ್ಕೇ ಹೇಳ್ತೀನಿ, ಕಾಯಿಯೋ ಮೆಷಿನ್ನೋ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಕಾಯಿಯಲ್ಲಿ ವಿಜ್ಞಾನ ಇಲ್ಲ. ನಮಗೇ ಗೊತ್ತಾಗದೆ ಕೈ ಸಣ್ಣಗೆ ಅಲುಗೋದಕ್ಕೆ ಇಡಿಯೋಮೋಟರ್ ಅಂತ ಕಾರ್ಪೆಂಟರ್ ಅನ್ನೋ ಇಂಗ್ಲಿಷ್ ವೈದ್ಯರು 1852ರಲ್ಲೇ ಹೆಸರಿಟ್ಟಿದ್ದಾರೆ. ಕಾಯಿಯವರು ಮೋಸಗಾರರು ಅಂತಲ್ಲ, ಅವರಿಗೂ ಅದು ತಾನೇ ಎದ್ದ ಹಾಗೇ ಅನ್ನಿಸುತ್ತೆ. ಜರ್ಮನಿಯ ಮ್ಯೂನಿಕ್ ಹತ್ತಿರ 1987-88ರಲ್ಲಿ ಒಂದು ಕೊಟ್ಟಿಗೆಯ ಕೆಳಗಡೆ ನೀರಿನ ಪೈಪ್ ಅತ್ತಿತ್ತ ಸರಿಸ್ತಾ, ಮೇಲಿನ ಅಂತಸ್ತಲ್ಲಿ ನಿಂತು ಅದೆಲ್ಲಿದೆ ಹೇಳಿ ಅಂತ, ಕಡ್ಡಿ ಹಿಡಿದು ನೀರು ಹುಡುಕೋ ಇಂಥವರನ್ನ ಪರೀಕ್ಷೆ ಮಾಡಿದ್ದರು. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಅಂದರು. ಆಮೇಲೆ ಅದೇ ಅಂಕಿಗಳನ್ನ ಎನ್‌ರೈಟ್ ಅನ್ನೋ ವಿಜ್ಞಾನಿ ಮತ್ತೆ ಲೆಕ್ಕ ಹಾಕಿ, ಕಣ್ಣು ಮುಚ್ಚಿ ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ತೋರಿಸಿದರು.

ಹಾಗಂತ ಮೆಷಿನ್ ನೀರು ತೋರಿಸುತ್ತೆ ಅಂದುಕೊಳ್ಳಬೇಡಿ. ಅದು ತೋರಿಸೋದು ನೆಲದ ವಿದ್ಯುತ್ ತಡೆ. ನೀರಿರುವ ಸವೆದ ಕಲ್ಲಿಗೂ ತಡೆ ಕಮ್ಮಿ, ಜೇಡಿಗೂ ಕಮ್ಮಿ. ನನ್ನ ಪ್ರಕಾರ ಆ ಫೀಸು ಕೊಡೋದೇ ‘ಇಲ್ಲಿ ಕೊರೀಬೇಡಿ’ ಅನ್ನಿಸಿಕೊಳ್ಳೋಕೆ. ಮತ್ತೆ, ಸವೆದ ಪದರ ಎಷ್ಟು ಅಡಿ ಅಂತ ಅವರ ರಿಪೋರ್ಟಲ್ಲಿ ಬರೆದಿರುತ್ತೆ. ನನ್ನದರಲ್ಲೂ ಇತ್ತು: ಸುಮಾರು 90 ಅಡಿ. ನಾನು ಓದಿದ್ದು ಕಡೇ ಪುಟದ ಪಾಯಿಂಟ್ ನಂಬರ್ ಮಾತ್ರ.

ಮಾವನ ಜೊತೆ ಜಗಳ ಆಡಬೇಡಿ. ಕಾಯಿಯವರಿಗೆ ಎಲೆ ಅಡಿಕೆ, ಐನೂರು ರೂಪಾಯಿ ಕೊಟ್ಟು ಕಳಿಸಿ. ಮನೆ ನೆಮ್ಮದಿಗೆ ಅದು ಅಗ್ಗ. ಇದು ಮೂಢನಂಬಿಕೆಗೆ ನೀರೆರೆದ ಹಾಗೆ ಅಂತ ನನ್ನ ಗೆಳೆಯರು ಬೈತಾರೆ, ಬೈಯಲಿ. ಜಗಳಕ್ಕೆ ಖರ್ಚು ಮಾಡೋ ತಲೆ ಕೊರೆಸೋ ರಾತ್ರಿಗೆ ಇಟ್ಟುಕೊಳ್ಳಿ. ನೀರು ಬರದೇ ಹೋದರೆ ತೂತಿಗೆ ಅವತ್ತೇ ಗಟ್ಟಿ ಮುಚ್ಚಳ ಹಾಕಿಸಿ, ನಾಳೆ ಅನ್ನಬೇಡಿ, ಮಕ್ಕಳು ಓಡಾಡೋ ಜಾಗ.

2019ರಲ್ಲಿ ಎರಡನೇದು ಕೊರೆಸಿದೆವು, ಹಳೇದರಿಂದ ಸ್ವಲ್ಪ ಮೇಲಕ್ಕೆ. ಈ ಸಲ ಅಪ್ಪ ಟಾರ್ಚ್ ಹಿಡಕೊಂಡು ರಿಗ್ ಪಕ್ಕ ಕೂತರು. ಹತ್ತಡಿಗೊಂದು ಮುಷ್ಟಿ ಪುಡಿ ತೆಗೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟರು. ಎಪ್ಪತ್ತಕ್ಕೆ ರಿಗ್‌ನವರು “ಬಂಡೆ” ಅಂದಾಗ ಮುಂದಿನ ಮುಷ್ಟಿ ಹಿಸುಕಿ ನೋಡಿ, “ಇನ್ನೂ ಮೆತ್ಗದೆ, ಬುಡು ಒಳಕ್ಕೆ” ಅಂದರು. ಐದೂ ಪೈಪ್ ಇಳಿದವು. ನೀರು ಒಂದೂವರೆ ಇಂಚು ಅಷ್ಟೆ, ಆದರೆ ಫಿಲ್ಟರ್ ಇವತ್ತಿಗೂ ಬೆಳ್ಳಗಿದೆ.

ನಿಮ್ಮ ಪಕ್ಕದ ಹೊಲದವರ ಬೋರಿಗೆ ಕೇಸಿಂಗ್ ಎಷ್ಟು ಅಡಿ ಹೋಗಿದೆ? ನಾಳೆ ಬೆಳಿಗ್ಗೆ ಕೇಳಿ ಇಲ್ಲಿ ಬರೆಯಿರಿ. ಎಷ್ಟು ಪೈಪ್ ತರಿಸಬೇಕು ಅಂತ ಆಮೇಲೆ ಹೇಳ್ತೀನಿ.