ಎಂದೂ ಕುಡಿಯದ ಅವ್ವನಿಗೆ ಮುಟ್ಟು ನಿಂತ ಮೇಲೆ ಫ್ಯಾಟಿ ಲಿವರ್ ಯಾಕೆ ಬಂತು?

ಬೀದರಿನಲ್ಲಿರುವ ನಿಮ್ಮ ಅವ್ವನಿಗೆ 49 ವರ್ಷ, ಕುಡಿಯುವವರಲ್ಲ, ಊಟ ಮೊದಲಿನಂತೆಯೇ ಇದೆ ಅಂದಿದ್ದೀರಿ. ಹಿಂದಿನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ, ಮುಟ್ಟು ನಿಂತ ಮೇಲೆ ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ಕೂಡುವ ಕಾಯಿಲೆ, ಗ್ರೇಡ್ 1 ಬಂದಿದೆ. ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ.

ಇದೆ. ನಾನು ಕಲಬುರಗಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. "ನಾ ಎಂದೂ ಕುಡದಿಲ್ಲ, ನನಗ ಹ್ಯಾಂಗ ಬಂತು?" ಅಂತ ಕೇಳುವ ತಾಯಂದಿರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಕೆಲವರು ಮನೆಯಲ್ಲಿ ಹೇಳೋಕೂ ಅಂಜುತ್ತಾರೆ. ಅದು ನನಗೆ ಬಹಳ ಬೇಜಾರು ತರುತ್ತದೆ.

ಮುಟ್ಟು ಇರುವವರೆಗೆ ಈಸ್ಟ್ರೊಜೆನ್ ಹಾರ್ಮೋನು ಕೊಬ್ಬನ್ನು ಸೊಂಟ, ತೊಡೆಯಲ್ಲಿ ಚರ್ಮದ ಕೆಳಗೆ ಕೂಡಿಡುತ್ತದೆ. ಲಿವರಿನಲ್ಲೇ ಕೊಬ್ಬು ತಯಾರಾಗುವುದನ್ನೂ ಅದೇ ಹಾರ್ಮೋನು ತಗ್ಗಿಸುತ್ತದೆ. ಅದಕ್ಕೇ ಆ ವಯಸ್ಸಿನಲ್ಲಿ ಫ್ಯಾಟಿ ಲಿವರ್ ಗಂಡಸರಿಗೇ ಜಾಸ್ತಿ. ಈಸ್ಟ್ರೊಜೆನ್ ಇಳಿದ ಮೇಲೆ ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುತ್ತದೆ. ಅಲ್ಲಿಂದ ರಕ್ತ ನೇರ ಲಿವರಿಗೇ ಹೋಗುತ್ತದೆ. ತಿನ್ನುವುದು ಅಷ್ಟೇ ಇದ್ದರೂ ಕೊಬ್ಬು ಕೂಡುವ ಜಾಗ ಬದಲಾಗುತ್ತದೆ. 50 ದಾಟಿದ ಮೇಲೆ ಈ ಕಾಯಿಲೆ ಇರುವ ಹೆಂಗಸರಲ್ಲಿ ಲಿವರ್ ಗಟ್ಟಿಯಾಗುವ ಅಪಾಯವೂ ಗಂಡಸರಿಗಿಂತ ಜಾಸ್ತಿ.

ಒಂದು ಮಾತು ಕೇಳಲೇಬೇಕು. ಅವ್ವನಿಗೆ ಮುಟ್ಟು ತಾನಾಗಿ ನಿಂತಿತೋ, ಗರ್ಭಚೀಲ ತೆಗೆಸಿದ್ದಾರೋ? ನಮ್ಮ ಕಡೆ ಮೂವತ್ತು, ಮೂವತ್ತೈದಕ್ಕೇ ತೆಗೆಸಿದವರಿದ್ದಾರೆ. ಚೀಲ ಮಾತ್ರ ತೆಗೆದಿದ್ದರೆ ಅಂಡಾಶಯ ಹಾರ್ಮೋನು ಕೊಡುತ್ತಲೇ ಇರುತ್ತದೆ. ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೊಜೆನ್ ಒಮ್ಮೆಲೇ ಬಿದ್ದುಹೋಗುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರುತ್ತದೆ, ಹುಡುಕಿ ಡಾಕ್ಟರಿಗೆ ತೋರಿಸಿ.

ಇನ್ನು ರಿಪೋರ್ಟ್. ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) 36, ಪಕ್ಕದಲ್ಲಿ "40ರವರೆಗೆ ನಾರ್ಮಲ್" ಅಂತ ಇದೆ ಅಲ್ವಾ? ಬಹಳ ಲ್ಯಾಬುಗಳು ಗಂಡಸರಿಗೂ ಹೆಂಗಸರಿಗೂ ಒಂದೇ ಗೆರೆ ಹಾಕುತ್ತವೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2017ರಲ್ಲಿ ಕೊಟ್ಟ ಮಿತಿ ಗಂಡಸರಿಗೆ 29–33, ಹೆಂಗಸರಿಗೆ 19–25. ಆ ಲೆಕ್ಕದಲ್ಲಿ 36 ಜಾಸ್ತಿಯೇ. ಗ್ರೇಡ್ 1 ಅಂದರೆ ಕೊಬ್ಬು ಎಷ್ಟಿದೆ ಅಂತ ಮಾತ್ರ, ಲಿವರ್ ಗಟ್ಟಿಯಾಗಿದೆಯಾ ಅಂತ ಅದು ಹೇಳಲ್ಲ. ಅದಕ್ಕೆ ಫಿಬ್-4 ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ (ಅದೇ ರಿಪೋರ್ಟಿನ ಇನ್ನೊಂದು ಕಿಣ್ವ) ಗುಣಿಸಿ. ಪ್ಲೇಟ್‌ಲೆಟ್ ಎಣಿಕೆಯನ್ನು ಸಾವಿರದ ಲೆಕ್ಕದಲ್ಲಿ (2.4 ಲಕ್ಷ ಅಂದರೆ 240) ತಗೊಂಡು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನೀವು ಕೊಟ್ಟ ಎಸ್‌ಜಿಒಟಿ 32, ಪ್ಲೇಟ್‌ಲೆಟ್ 2.4 ಲಕ್ಷ ಹಾಕಿದರೆ ಸುಮಾರು 1.09. 1.3ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. ಸದ್ಯಕ್ಕೆ ಸಮಾಧಾನವಾಗಿರಿ, ಆದರೆ ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್ ನೋಡಿಸಿ.

ಲಿವರಿಗೆಂದು ಹಾರ್ಮೋನು ಮಾತ್ರೆ ಸುಮ್ನೆ ತಗೊಳ್ಳಬಾರದು. ತೂಕ ಇಳಿಸುವುದೇ ಮದ್ದು. 70 ಕಿಲೋ ಇದ್ದವರು ಮೂರೂವರೆ ಕಿಲೋ ಇಳಿದರೂ ಲಿವರಿನ ಕೊಬ್ಬು ಕರಗತೊಡಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಬಿಡಬೇಕಿಲ್ಲ. ರೊಟ್ಟಿ ಉಂಡ ಮೇಲೆ ಮತ್ತೆ ತಟ್ಟೆ ತುಂಬ ಅನ್ನ ಹಾಕಿಕೊಳ್ಳುತ್ತೇವಲ್ಲ, ಅದನ್ನು ಕಡಿಮೆ ಮಾಡಿ. ಸಕ್ಕರೆ ಚಹಾ ಕೂಡ. ಬಿಸಿಲೇರುವ ಮುಂಚೆ ಬಿರುಸಾಗಿ ನಡೆಯಲಿ. ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಿ.

ತಂಗಿಗೆ ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದೆ ಅಂದಿರಿ. ಅವಳಿಗೂ ಲಿವರ್ ಟೆಸ್ಟ್ ಮಾಡಿಸಿ. ಗಂಡಸರಲ್ಲಿ ಮುಖ್ಯವಾದ ಟೆಸ್ಟೋಸ್ಟೆರಾನ್ ಹಾರ್ಮೋನು ಅವರಲ್ಲಿ ಕಡಿಮೆಯಾದರೆ, ಹೆಂಗಸರಲ್ಲಿ ಜಾಸ್ತಿಯಾದರೆ ಫ್ಯಾಟಿ ಲಿವರಿನ ಅಪಾಯ ಏರುತ್ತದೆ. ಪಿಸಿಒಎಸ್‌ನಲ್ಲಿ ಅದು ಜಾಸ್ತಿ ಇರುವುದುಂಟು, ವಯಸ್ಸು ಚಿಕ್ಕದು ಅಂತ ಬಿಡಬೇಡಿ.