ಮಕ್ಕಳು ಕಡಿಮೆ, ಜನ ಜಾಸ್ತಿ: ಇದು ಹೇಗೆ?

ಪ್ರಶ್ನೆ: ನಮ್ಮ ತಾತನಿಗೆ ಎಂಟು ಮಕ್ಕಳು, ಅಪ್ಪನಿಗೆ ಮೂವರು, ನನಗೆ ಒಬ್ಬಳೇ ಮಗಳು. ಗೊತ್ತಿರುವ ಮನೆಗಳಲ್ಲೆಲ್ಲ ಇದೇ ಕಥೆ. ಆದರೂ ಜನಸಂಖ್ಯೆಯಲ್ಲಿ ಭಾರತ ಚೀನಾವನ್ನು ದಾಟಿತು ಅಂತಾರೆ. ಬೆಂಗಳೂರಿನಲ್ಲಂತೂ ಮೆಟ್ರೊ ಹತ್ತಲು ಜಾಗವಿಲ್ಲ. ಇಲ್ಲಿನ ಜನಸಂಖ್ಯೆ ಒಬ್ಬರ ಪ್ರಕಾರ 84 ಲಕ್ಷ, ಇನ್ನೊಬ್ಬರ ಪ್ರಕಾರ 1.4 ಕೋಟಿ. ಯಾವುದನ್ನು ನಂಬಬೇಕು?
– ಓದುಗರು, ವಿಜಯನಗರ

ಉತ್ತರ: ನಿಮ್ಮ ಮನೆಯ ಲೆಕ್ಕವೂ ಸರಿ, ದೇಶದ ಲೆಕ್ಕವೂ ಸರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2 ಮಕ್ಕಳು. ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3. ಜನಸಂಖ್ಯೆ ಏರದೆ ಇಳಿಯದೆ ನಿಲ್ಲಬೇಕಾದರೆ ಸುಮಾರು 2.1 ಬೇಕು. ನಾವು ಆಗಲೇ ಅದಕ್ಕಿಂತ ಕೆಳಗಿದ್ದೇವೆ.

ಹಾಗಾದರೆ ಜನ ಕಡಿಮೆಯಾಗಬೇಕಲ್ವಾ? ಆಗುತ್ತಾರೆ, ಆದರೆ ಈಗಲೇ ಅಲ್ಲ. 1990ರ ದಶಕದಲ್ಲಿ ಹುಟ್ಟಿದ ದೊಡ್ಡ ಗುಂಪು ಈಗ ಮಕ್ಕಳನ್ನು ಪಡೆಯುವ ವಯಸ್ಸಿನಲ್ಲಿದೆ. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆ, ಆದರೆ ತಾಯಂದಿರೇ ಜಾಸ್ತಿ. ಹಿರಿಯರೂ ಮೊದಲಿಗಿಂತ ಹೆಚ್ಚು ಕಾಲ ಬದುಕುತ್ತಿದ್ದಾರೆ. ಹಾಗಾಗಿ ಹುಟ್ಟುವವರು ಸಾಯುವವರಿಗಿಂತ ಇನ್ನೂ ಹೆಚ್ಚೇ ಇದ್ದಾರೆ. ವಿಶ್ವಸಂಸ್ಥೆಯ ಅಂದಾಜಿನಂತೆ ನಾವು ಚೀನಾವನ್ನು ದಾಟಿದ್ದು 2023ರ ಏಪ್ರಿಲ್‌ನಲ್ಲಿ. 2060ರ ದಶಕದಲ್ಲಿ ಸುಮಾರು 170 ಕೋಟಿ ಮುಟ್ಟಿ, ಆಮೇಲೆ ಇಳಿಮುಖವಾಗುತ್ತೇವೆ.

ಬೆಂಗಳೂರಿನ ವಿಷಯ ಬೇರೆ. ಇಲ್ಲಿ ಜನ ಹೆಚ್ಚಿದ್ದು ಹೆರಿಗೆ ಆಸ್ಪತ್ರೆಗಳಿಂದ ಅನ್ನುವುದಕ್ಕಿಂತ ಬಸ್ ಸ್ಟ್ಯಾಂಡು, ರೈಲು ನಿಲ್ದಾಣಗಳಿಂದ. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 65 ಲಕ್ಷ ಜನರಿದ್ದರು, 2011ರಲ್ಲಿ 96 ಲಕ್ಷ. ಹತ್ತೇ ವರ್ಷದಲ್ಲಿ ಶೇ 47 ಏರಿಕೆ! ಇಡೀ ರಾಜ್ಯದ ಏರಿಕೆ ಶೇ 15.6 ಮಾತ್ರ. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. ಅಲ್ಲಿಂದ ಹೋದವರೆಲ್ಲ ಇಲ್ಲಿಗೇ ಬಂದರು ಅಂತಲ್ಲ, ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಬರುವವರಲ್ಲಿ ಹೆಚ್ಚಿನವರು ಯುವಕ ಯುವತಿಯರು. ಅವರ ಮದುವೆ, ಮಕ್ಕಳು ಕೂಡ ಇಲ್ಲೇ ಆಗುತ್ತವೆ. ಅಂದಹಾಗೆ, ವಲಸೆ ಅಂದರೆ ಬರೀ ಕೆಲಸ ಹುಡುಕಿ ಬರುವುದಲ್ಲ. ದೇಶದಲ್ಲಿ ಹೆಣ್ಣುಮಕ್ಕಳು ಊರು ಬಿಡಲು ದೊಡ್ಡ ಕಾರಣ ಮದುವೆ. ಗಣತಿಯಲ್ಲಿ ಅದಕ್ಕೂ ಒಂದು ಕಾಲಂ ಇದೆ.

ಇನ್ನು ನಿಮ್ಮ ಎರಡು ಅಂಕಿಗಳು. 84 ಲಕ್ಷ ಅನ್ನುವುದು 2011ರಲ್ಲಿ ಆಗಿನ ಬಿಬಿಎಂಪಿ ವ್ಯಾಪ್ತಿಯಲ್ಲಿ ಎಣಿಸಿದ್ದು. ಇಡೀ ಜಿಲ್ಲೆ ಸೇರಿಸಿದರೆ 96 ಲಕ್ಷ. 1.4 ಕೋಟಿ ಅನ್ನುವುದು ಹಳೆಯ ಏರಿಕೆಯನ್ನು ಮುಂದಕ್ಕೆಳೆದು ಕಟ್ಟಿದ ಅಂದಾಜು. 2021ರ ಗಣತಿ ಕೋವಿಡ್‌ನಿಂದಾಗಿ ಮುಂದೆ ಹೋಗಿದ್ದರಿಂದ ಎಲ್ಲರೂ ಅಂದಾಜನ್ನೇ ನಂಬಿಕೊಂಡಿದ್ದಾರೆ. ಯೋಜನೆ ಮಾಡುವವರೂ ಹಾಗೇ ಮಾಡುತ್ತಿರುವುದು ನನಗೆ ಸರಿ ಕಾಣುವುದಿಲ್ಲ. ನೀರು, ಬಸ್ಸು, ಶಾಲೆಗಳ ಲೆಕ್ಕ ಇಷ್ಟು ಹಳೆಯ ಬುನಾದಿಯ ಮೇಲೆ ನಿಲ್ಲಬಾರದು.

ಹೊಸ ಗಣತಿಗೆ ನಿಗದಿಯಾದ ದಿನ 2027ರ ಮಾರ್ಚ್ 1. ಗಣತಿಯವರು ರೇಷನ್ ಕಾರ್ಡಿನ ವಿಳಾಸ ನೋಡುವುದಿಲ್ಲ, ಆಗ ವಾಸವಿರುವ ಕಡೆಯೇ ಎಣಿಸುತ್ತಾರೆ. ನಿಮ್ಮ ಮನೆ ಮೇಲಿನ ಮಹಡಿಯಲ್ಲಿ ಕಲಬುರಗಿಯ ಹುಡುಗರು ಬಾಡಿಗೆಗೆ ಇದ್ದರೆ, ಅವರಿಗೂ ಒಂದು ಮಾತು ಹೇಳಿಡಿ.